ಎರಡು ಸಲ ಬರುವ ಅರಸನಿಗೆ ಒಂದೇ ಹಲಗೆ

ನನಗೆ ಮರದಲ್ಲಿ ನೇರ ಗೆರೆ ಕತ್ತರಿಸಲು ಬರುವುದಿಲ್ಲ. ಆದ್ದರಿಂದ ಹೊಟ್ಟೆ ಇರುವವರನ್ನು ಮಾತ್ರ ಕತ್ತರಿಸುತ್ತೇನೆ. ಶಾಲೆಯಲ್ಲಿ ಗಣಿತ ಕಲಿಸುವವಳು, ಸರಳರೇಖೆಯ ಬಗ್ಗೆ ಪೀರಿಯಡ್ಡುಗಟ್ಟಲೆ ಮಾತಾಡುವವಳು ಹೀಗೆ ಹೇಳಬಾರದು, ಒಪ್ಪಿದೆ. ಆದರೆ ಸೀಮೆಸುಣ್ಣ ಕೈಯಲ್ಲಿ ಗುರ್ರೆನ್ನುವುದಿಲ್ಲ, ಗರಗಸ ಗುರ್ರೆನ್ನುತ್ತದೆ.

ಗರಗಸ ನಾನೇ ಕೇಳಿ ತರಿಸಿಕೊಂಡದ್ದು. ಮದುವೆಯ ಬೆಳ್ಳಿಹಬ್ಬಕ್ಕೆ ಎಂತ ಬೇಕು ಎಂದು ನಮ್ಮವರು ಕೇಳಿದಾಗ ಬಳೆ ಎನ್ನುವ ಬದಲು ಕರೆಂಟಿನ ಗರಗಸ ಎಂದುಬಿಟ್ಟೆ. ಅವರು ಮಾತಿಗೆ ತಪ್ಪದೆ ತಂದುಕೊಟ್ಟರು, ಅಂದಿನಿಂದ ಅದಕ್ಕೆ ಹೆದರುತ್ತಲೂ ಇದ್ದಾರೆ. ನಾನು ಕೊರೆಯುವಾಗ ಅವರ ಕೆಲಸ ಸ್ವಿಚ್ಚಿನ ಹತ್ತಿರ ನಿಂತು ಮುಖವನ್ನು ಆಚೆ ತಿರುಗಿಸಿಕೊಳ್ಳುವುದು. ಕುಂಬಳೆಯ ನಮ್ಮ ಓಣಿಯಲ್ಲಿ ಗರಗಸವಿರುವ ಹೆಂಗಸು ನಾನೊಬ್ಬಳೇ ಎಂಬ ಹೆಮ್ಮೆ ನನಗೆ ಧಾರಾಳವಾಗಿ ಇದೆ, ಅದನ್ನು ಮುಚ್ಚಿಡುವ ಅಭ್ಯಾಸವಿಲ್ಲ.

ಈ ಸಲ ಓಣಂ ಹಬ್ಬಕ್ಕೆ ಪ್ಲೈವುಡ್ಡಿನಲ್ಲಿ ಮಾವೇಲಿ ಅರಸನನ್ನು ಕೊರೆದೆ. ಕಿರೀಟ, ಸುರುಳಿ ಮೀಸೆ, ಓಲೆಕೊಡೆ, ಮುಂದೆ ಬಂದ ಹೊಟ್ಟೆ. ಹೊಟ್ಟೆಯ ಹತ್ತಿರ ಗರಗಸ ಜಾರಿ ಒಂದು ಮಡಿಕೆ ಹೆಚ್ಚಾಯಿತು. ನೋಡಿದವರೆಲ್ಲ ಆ ಮಡಿಕೆಯನ್ನೇ ಹೊಗಳಿದರು. ನಾನೂ ತಿದ್ದಲು ಹೋಗಲಿಲ್ಲ. ಬಣ್ಣ ಬಳಿದು ಗೇಟಿನ ಪಕ್ಕ ನಿಲ್ಲಿಸಿದ್ದೇ ತಡ, ಆಚೆ ಮನೆಯ ಗಿರಿಜ ಟೀಚರ್ ಕಾಂಪೌಂಡಿನ ಮೇಲಿಂದ ಇಣುಕಿ "ಆರ್ಪ್ಪೋ..." ಎಂದು ಉದ್ದಕ್ಕೆ ಕೂಗಿದರು. ಒಳಗಿನಿಂದ ಅವರ ಮಕ್ಕಳು "ಇರ್ರೋ ಇರ್ರೋ" ಎಂದು ಉತ್ತರಿಸಿದರು. ಕಣ್ಣೂರಿನ ಕಡೆಯಿಂದ ಬಂದು ಇಲ್ಲಿ ಬಾಡಿಗೆಗಿರುವ ಅವರಿಗೆ ಹಬ್ಬವೆಂದರೆ ಈ ಕೂಗು. ಒಬ್ಬರು ಎಳೆದರೆ ಉಳಿದವರು ಎತ್ತಿಕೊಳ್ಳಬೇಕು.

ಇಲ್ಲಿ ಒಂದು ಮಾತು ಹೇಳಬೇಕು. ವಾಮನನ ಪಾದದಡಿ ಪಾತಾಳಕ್ಕೆ ಹೋದ ಬಲಿ ಚಕ್ರವರ್ತಿಗೆ ವರ್ಷಕ್ಕೊಮ್ಮೆ ಪ್ರಜೆಗಳನ್ನು ನೋಡಿ ಬರಲು ಅನುಮತಿ ಉಂಟಷ್ಟೆ. ತೆಂಕಣದ ಮಲಯಾಳಿಗಳು ಅವನನ್ನು ಮಾವೇಲಿ ಎಂದು ಓಣಂಗೆ ಕರೆಯುತ್ತಾರೆ. ನಾವು ತುಳುನಾಡಿನವರು ಬಲೀಂದ್ರ ಎಂದು ದೀಪಾವಳಿಗೆ ಕರೆಯುತ್ತೇವೆ. ನಡುವೆ ಇರುವ ಕಾಸರಗೋಡಿನಲ್ಲಿ ಎರಡೂ ಹಬ್ಬ ಉಂಟು. ಹಾಗಾಗಿ ಒಂದೇ ರಜೆ ಮಂಜೂರಾದ ಅರಸ ನಮ್ಮ ಜಿಲ್ಲೆಯಲ್ಲಿ ಮಾತ್ರ ಎರಡು ರಜೆ ಹಾಕುತ್ತಾನೆ, ಯಾವ ಹೆಡ್‌ಮಾಸ್ಟರೂ ಕೇಳುವುದಿಲ್ಲ.

ದೀಪಾವಳಿ ಹತ್ತಿರ ಬಂದಾಗ ನನ್ನ ಲೆಕ್ಕ ಸುಲಭವಾಗಿತ್ತು. ಅರಸ ಒಬ್ಬನೇ, ಹಲಗೆ ಅಟ್ಟದಲ್ಲಿದೆ, ಇಳಿಸಿದರಾಯಿತು. ಈ ಲೆಕ್ಕವನ್ನು ತಪ್ಪೆಂದವರು ನನ್ನ ಅತ್ತೆ.

ಅತ್ತೆ ಪೆರ್ಲದ ತುಳು ಮನೆತನದವರು. ಮಗನೊಡನೆ ತುಳು, ನನ್ನೊಡನೆ ಕನ್ನಡ. ಬಲೀಂದ್ರನನ್ನು ಕರೆಯುವುದು ನಮ್ಮ ಮನೆಯಲ್ಲಿ ಅವರನ್ನು ಬಿಟ್ಟರೆ ಯಾರಿಗೂ ಬಾರದು. ಅಂಗಳದಲ್ಲಿ ಹಾಲೆ ಮರದ ಕಂಬ ನೆಟ್ಟು, ಕಾಡುಹೂ ಸುತ್ತಿ, ದೀಪ ಇಟ್ಟು, ಹಬ್ಬದ ಮೂರು ಸಂಜೆಯೂ "ಕೂ" ಎಂದು ಕರೆಯಬೇಕು. ಮಳೆಗಾಲದ ಆಟಿ ಅಮಾವಾಸ್ಯೆಗೆ ತೊಗಟೆ ಜಜ್ಜಿ ಕಹಿ ಕಷಾಯ ಕುಡಿಯುತ್ತೇವಲ್ಲ, ಅದೇ ಹಾಲೆ. ನಮ್ಮ ಓಣಿಯ ತುದಿಯಲ್ಲಿದ್ದ ಒಂದೇ ಒಂದು ಹಾಲೆ ಮರ ಹೆದ್ದಾರಿ ಅಗಲವಾದಾಗ ಹೋಯಿತು. ಕಂಬವಿಲ್ಲದೆ ಎಂತದು ಬಲೀಂದ್ರ, ನಾನು ಪೆರ್ಲಕ್ಕೆ, ತಮ್ಮನ ಮನೆಗೆ ಹೋಗುತ್ತೇನೆ ಎಂದು ಅತ್ತೆ ಬ್ಯಾಗಿಗೆ ಸೀರೆ ತುಂಬತೊಡಗಿದ್ದರು. ನನಗೆ ಅದು ಚುಚ್ಚಿತು. ಹಬ್ಬದ ಸಂಜೆ ಅತ್ತೆಯ ಕೂಗಿಲ್ಲದ ಅಂಗಳ ನನಗೆ ಬೇಡವಾಗಿತ್ತು. ಅದಲ್ಲದೆ, ಗರಗಸ ಇರುವ ಸೊಸೆಯ ಮನೆಯಲ್ಲಿ ಒಂದು ಕಂಬಕ್ಕೆ ಗತಿ ಇಲ್ಲವೆಂದರೆ ಮರ್ಯಾದೆಯ ಪ್ರಶ್ನೆ.

ಹಬ್ಬದ ಮೊದಲ ದಿನ ಮಾವೇಲಿಯನ್ನು ಅಟ್ಟದಿಂದ ಇಳಿಸಿ ಧೂಳು ಒರೆಸಿ ಅವರೆದುರು ನಿಲ್ಲಿಸಿದೆ. ಅತ್ತೆ ಕನ್ನಡಕ ಹಾಕಿಕೊಂಡು ನೋಡಿದರು.

"ನಮ್ಮ ಬಲೀಂದ್ರನಿಗೆ ಮುಖ ಎಲ್ಲಿ ಉಂಟು ಮಾರಾಯ್ತಿ? ಮುಖ ಇದ್ರೆ ಎಲ್ರೂ ಮೀಸೆ ನೋಡ್ತಾ ಕೂತ್ಕೊಳ್ತಾರೆ. ಕರೆಯುವುದು ಯಾರು?"

ಮಾತು ಸರಿಯೇ. ಕಂಬಕ್ಕೆ ಕಣ್ಣು ಮೂಗು ಬರೆದವರನ್ನು ನಾನೂ ಕಂಡಿಲ್ಲ. ಹಾಗೆಂದು ಸೋಲುವ ಜಾತಿ ನನ್ನದಲ್ಲ. ಹಲಗೆಯನ್ನು ಹಾಗೆಯೇ ಹಿಂದುಮುಂದಾಗಿ ತಿರುಗಿಸಿದೆ. ಹಿಂಬದಿಗೆ ನಾನು ಬಣ್ಣ ಬಳಿದಿರಲಿಲ್ಲ, ಸೋಮಾರಿತನ ಕೆಲವೊಮ್ಮೆ ಕೈಹಿಡಿಯುತ್ತದೆ. ಬರಿಯ ಮರ, ಎರಡು ಭುಜ, ಮೇಲೊಂದು ತುದಿ.

ಅತ್ತೆ ಅದನ್ನು ಬೆರಳಿನಿಂದ ತಟ್ಟಿ ನೋಡಿ, "ಇದಕ್ಕೆ ಹಾಲು ಉಂಟಾ?" ಎಂದರು. ಕಡಿದರೆ ಹಾಲು ಸುರಿಯುವ ಮರವೇ ಆಗಬೇಕಂತೆ. 

ಈ ಪ್ರಶ್ನೆಗೆ ನಾನು ಮನಸ್ಸಿನಲ್ಲೇ ಚಪ್ಪಾಳೆ ತಟ್ಟಿಕೊಂಡೆ. ಹಲಗೆ ಕೊಳ್ಳುವಾಗಲೇ ಅಂಗಡಿಯವರು ಹೇಳಿದ್ದರು, ಇದು ರಬ್ಬರ್ ಮರದ ಪ್ಲೈವುಡ್ ಎಂದು. "ಅತ್ತೆ, ಇದು ರಬ್ಬರಿನದ್ದು. ಕುಂಬ್ಡಾಜೆಯಲ್ಲಿ ನಿಮ್ಮ ಅಕ್ಕನ ಮನೆಯವರು ದಿನಾ ಬೆಳಗ್ಗೆ ಬಕೆಟಿನಲ್ಲಿ ಹಾಲು ತರುವುದು ಎಂತದರಿಂದ?"

ಅತ್ತೆ ಹಲಗೆಯ ಅಂಚನ್ನು ಉಗುರಿನಿಂದ ಕೆರೆದು ನೋಡಿದರು. ಅಂಚಿನಲ್ಲಿ ಪದರ ಪದರ ಕಾಣುತ್ತದೆ: ಒಂದರ ಎಳೆ ಉದ್ದಕ್ಕೆ, ಅದರ ಮೇಲಿನದ್ದು ಅಡ್ಡಕ್ಕೆ, ಮತ್ತೆ ಉದ್ದಕ್ಕೆ. ಎಳೆಗಳು ಒಂದಕ್ಕೊಂದು ಅಡ್ಡ ಹೋಗುವುದರಿಂದಲೇ ಪ್ಲೈವುಡ್ ಸೀಳುವುದಿಲ್ಲ. ಮನೆಯೊಳಗೊಂದು ಭಾಷೆ, ಬಸ್ಸಿನಲ್ಲೊಂದು, ಪಂಚಾಯತು ಆಫೀಸಿನಲ್ಲಿ ಮತ್ತೊಂದು ಆಡುವ ನಮ್ಮೂರನ್ನು ಯಾರಾದರೂ ಎಂತಹ ಊರು ಎಂದು ಕೇಳಿದರೆ ನಾನು ಆ ಅಂಚನ್ನು ತೋರಿಸಿಯೇನು.

"ಮರ ಆಯ್ತು," ಎಂದರು ಅತ್ತೆ. "ಪೆರ್ಲದಲ್ಲಿ ನಾವು ಕೂ ಹಾಕಿದ್ರೆ ಆಚೆ ಮನೆಯಿಂದ ತಿರುಗಿ ಕೂ ಕೇಳ್ತದೆ. ಇಲ್ಲಿ ಲಾರಿಯ ಹಾರ್ನ್ ಕೇಳ್ತದೆ. ಹೋದ ವರ್ಷವೂ ಹಾಗೇ ಆಯ್ತಲ್ಲ. ಯಾರೂ ಓಗೊಡದಿದ್ರೆ ಒಬ್ಬಳೇ ಹುಚ್ಚಿಯ ಹಾಗೆ ಅನ್ನಿಸ್ತದೆ."

ಆಗ ನನಗೆ ಗೊತ್ತಾಯಿತು, ಅವರ ಕೊರತೆ ಮರದ್ದಾಗಿರಲಿಲ್ಲ. ಇದಕ್ಕೆ ನನ್ನ ಗರಗಸದಲ್ಲಿ ಮದ್ದಿರಲಿಲ್ಲ. ನನ್ನ ಮುಖ ನೋಡಿಯೋ ಏನೋ, ಅತ್ತೆ ತುಸು ಮೆತ್ತಗಾಗಿ, "ಇವತ್ತೊಂದು ಸಂಜೆ ನೋಡುವ. ನಾಳೆ ಬೆಳಗ್ಗಿನ ಬಸ್ಸಿಗೆ ನಾನು ಪೆರ್ಲಕ್ಕೆ," ಎಂದರು. ಬ್ಯಾಗು ಬಾಗಿಲ ಬಳಿಯೇ ಉಳಿಯಿತು.

ಮುಸ್ಸಂಜೆಗೆ ಹಲಗೆಯನ್ನು ಕಾಂಪೌಂಡಿನ ಹತ್ತಿರ, ತಲೆ ಗೋಡೆಯಿಂದ ಮೇಲೆ ಬರುವಂತೆ ಕಲ್ಲಿನ ಮೇಲೆ ನಿಲ್ಲಿಸಿದೆವು. ಬರಿಯ ಮರ ನಮ್ಮ ಕಡೆಗೆ. ಅತ್ತೆ ಗೊಂಡೆ ಹೂವಿನ ಮಾಲೆ ಸುತ್ತಿದರು. ನಾನು ಹಲಗೆಗೆ ಒಂದು ಚಿಕ್ಕ ಮರದ ಪಟ್ಟಿ ಬಡಿದು ಅದರ ಮೇಲೆ ಹಣತೆ ಇಟ್ಟೆ. ನಮ್ಮವರು ಅಭ್ಯಾಸಬಲದಿಂದ ಸ್ವಿಚ್ಚಿನ ಹತ್ತಿರವೇ ನಿಂತಿದ್ದರು. ಅತ್ತೆ ಸೆರಗು ಸರಿಮಾಡಿಕೊಂಡು, ಎದೆ ತುಂಬ ಉಸಿರೆಳೆದು ಕರೆದರು: "ಬಲೀಂದ್ರಾ... ಕೂ..."

ಹೆದ್ದಾರಿಯಲ್ಲಿ ಒಂದು ಲಾರಿ ಹಾರ್ನ್ ಹೊಡೆಯಿತು. ಅತ್ತೆ ನನ್ನ ಕಡೆ ನೋಡಿದರು. ನಾನು ಹಣತೆಯ ಬತ್ತಿ ನೋಡಿದೆ.

ಅಷ್ಟರಲ್ಲಿ ಆಚೆ ಮನೆಯ ಬಾಗಿಲು ತೆರೆಯಿತು. ಕೂಗೇನೆಂದು ಜಗಲಿಗೆ ಬಂದ ಗಿರಿಜ ಟೀಚರಿಗೆ ಗೋಡೆಯ ಮೇಲೆ ಕಂಡದ್ದು ಓಣಂಗೆ ಬಂದು ಹೋಗಿದ್ದ ಅದೇ ಕಿರೀಟ, ಅದೇ ಮೀಸೆ, ಅವರ ಮನೆಯನ್ನೇ ನೋಡಿ ನಗುವ ಅದೇ ಮುಖ. ನಮ್ಮ ಕಡೆಗೆ ಮುಖವಿಲ್ಲದಿದ್ದರೆ ಅದು ಅವರ ಕಡೆಗಿರಬೇಕಲ್ಲವೇ? ಗಣಿತದವಳಿಗೆ ಅದು ಹೊಳೆದಿರಲಿಲ್ಲ.

"ಇರ್ರೋ!" ಎಂದರು ಗಿರಿಜ ಟೀಚರ್. "ಇರ್ರೋ ಇರ್ರೋ!" ಎಂದವು ಮಕ್ಕಳು.

ಅತ್ತೆ ಒಂದು ಕ್ಷಣ ಬೆಚ್ಚಿದರು. ಮತ್ತೆ ಕೂ ಹಾಕಿದರು, ಈ ಸಲ ಇನ್ನೂ ಗಟ್ಟಿಯಾಗಿ. ಆಚೆಯಿಂದ ಮತ್ತೆ ಇರ್ರೋ. ನನಗೆ ಕಣ್ಣು ತುಂಬಿ ಬಂತು.

ಒಳಗೆ ಬಂದ ಅತ್ತೆ ಬ್ಯಾಗನ್ನು ಬಾಗಿಲಿನಿಂದ ಎತ್ತಿ ಮಂಚದಡಿಗೆ ತಳ್ಳಿದರು. "ನಾಳೆ ಅವರ ಕಡೆಗೂ ಒಂದು ದೀಪ ಇಡು ಮಾರಾಯ್ತಿ, ಪಾಪ, ಮುಖ ಸರಿಯಾಗಿ ಕಾಣ್ಲಿಕ್ಕಿಲ್ಲ," ಎಂದರು.

ಮರುದಿನ ಇಟ್ಟೆ. ಎರಡು ದೀಪದ ಬೆಳಕಿನಲ್ಲಿ ನನ್ನ ಗರಗಸದ ಅಂಕುಡೊಂಕೆಲ್ಲ ಎರಡೂ ಮನೆಯವರಿಗೆ ಸ್ಪಷ್ಟವಾಗಿ ಕಾಣಬೇಕಿತ್ತು. ಆದರೆ ಅರಸ ಅಂಗಳಕ್ಕೆ ಬಂದು ನಿಂತಾಗ ಅಂಚು ನೋಡುತ್ತ ಕೂರುವಷ್ಟು ಪುರುಸೊತ್ತು ಯಾರಿಗಿದೆ?