ಒಂದು ದಿನದ ನಿರುದ್ಯೋಗಿ
ನಮ್ಮ ಕಚೇರಿಯ ಹಂಗಾಮಿ ಗುಮಾಸ್ತರು ಎಷ್ಟು ಹಳಬರೆಂದರೆ, ಮೊದಲು ಅವರು ಬಂದು ಕೂತರು, ಗೋಡೆಗಳು ಆಮೇಲೆ ಎದ್ದವು. "ಖಾಯಂ ಯಾವಾಗ, ಅಣ್ಣಾ?" ಎಂದು ಛೇಡಿಸಿದರೆ, "ಫೈಲು ಮೇಲಕ್ಕೆ ಹೋಗಿದೆ ಕಣಯ್ಯಾ, ಇಷ್ಟು ಹೊತ್ತಿಗೆ ಚಂದ್ರನನ್ನೂ ದಾಟಿರ್ಬೇಕು" ಎನ್ನುತ್ತಾರೆ. ಸೇವೆ ಸತತವಾದರೆ ಖಾಯಂ ಮಾಡಬೇಕಾದೀತೆಂದು ಕಚೇರಿ ವರ್ಷಕ್ಕೊಮ್ಮೆ ಅವರನ್ನು ಒಂದು ದಿನದ ಮಟ್ಟಿಗೆ ಕೆಲಸದಿಂದ ತೆಗೆದು, ಮರುದಿನ ಹೊಸಬರಂತೆ ಸೇರಿಸಿಕೊಳ್ಳುತ್ತದೆ. ಆ ದಿನವೂ ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು, ಸಾರ್ವಜನಿಕರ ಬೆಂಚಿನ ಮೇಲೆ ಕೂತು, ಬಂದವರಿಗೆಲ್ಲ ಅರ್ಜಿ ತುಂಬಿಸಿಕೊಡುತ್ತಾರೆ. "ಇವತ್ತಾದರೂ ಮನೇಲಿ ಕಾಲು ಚಾಚಿ ಮಲಗಬಾರದಾ?" ಎಂದೆ. "ಮನೇಲಿದ್ರೆ ನಿಮ್ಮತ್ತಿಗೆ ಗಳಿಗೆಗೊಂದು ಸಲ ಕೇಳ್ತಾಳೆ, ನಾಳೆ ತಪ್ಪದೇ ಕರೀತಾರಲ್ವಾ ಅಂತ. ಹೂಂ ಅನ್ನೋ ಧೈರ್ಯ ಈ ಒಂದು ದಿನ ಮಾತ್ರ ನಂಗಿರಲ್ಲ ಕಣಯ್ಯಾ."