ತಿರುಗುವ ಗಾಲಿ

ಈರಪ್ಪ ಮಾಮಾ ಅವರ ಮನೆಯಲ್ಲಿ ಕೆಟ್ಟುಹೋದ ವಸ್ತುವಿಗೆಲ್ಲ ಕೆಂಪು ಬಟ್ಟೆಯ ಪಟ್ಟಿ ಕಟ್ಟಿರುತ್ತಿತ್ತು. ಸೋರುವ ನಲ್ಲಿಗೊಂದು, ನಿಂತ ಗಡಿಯಾರಕ್ಕೊಂದು, ಕಾಲು ಸಡಿಲಾದ ಕುರ್ಚಿಗೊಂದು. ಎರಡು ಸಾವಿರದ ಇಸವಿಯ ಸುಮಾರಿಗೆ ಮಹಾಂತೇಶ ನಗರದ ಆ ಮನೆಯ ಮಹಡಿಗೆ ಬಾಡಿಗೆಗೆ ಬಂದಾಗ, ಯಾವುದೋ ಹರಕೆಯಿರಬೇಕು ಅಂದುಕೊಂಡಿದ್ದೆ.

ಮಾಮಾ ಮುಂಬೈಯಲ್ಲಿ ವಿಮಾನಗಳ ಗಾಲಿ, ಬ್ರೇಕು ನೋಡಿಕೊಳ್ಳುವ ಕೆಲಸದಿಂದ ನಿವೃತ್ತರಾದವರು. ಒಂದು ಬ್ರೇಕು ಕೆಟ್ಟರೂ ಜನರನ್ನು ಕೂರಿಸಿಕೊಂಡು ವಿಮಾನ ಹಾರುತ್ತದೆ ಎಂದು ಅವರಿಂದ ಕೇಳಿ ಹೆದರಿದ್ದೆ. ಅದಕ್ಕೆ ನಿಯಮಗಳಿವೆಯಂತೆ. ಕೆಟ್ಟ ಬ್ರೇಕನ್ನು ಪೂರ್ತಿ ಬಂದ್ ಮಾಡಬೇಕು, ಪೈಲಟ್ಟಿನ ಕಣ್ಣೆದುರು ಚೀಟಿ ಅಂಟಿಸಬೇಕು, ಭಾರ ಇಳಿಸಬೇಕು, ಇಳಿಯಲು ಉದ್ದನೆಯ ರನ್‌ವೇ ಇರಬೇಕು. ನಾನು ಶಾಲೆಯಲ್ಲಿ ಕಲಿಸುವವಳೆಂದು ಅವರ ಬಾಯಲ್ಲಿ ಅಕ್ಕಾರ ಆಗಿದ್ದೆ. “ಕೆಟ್ಟಿದ್ದಕ್ಕ ಅಂಜಬಾರದ್ರಿ ಅಕ್ಕಾರ. ಕೆಟ್ಟೈತಿ ಅನ್ನೂದು ಗೊತ್ತಿಲ್ಲಂದ್ರ ಅಂಜಬೇಕು” ಅನ್ನುತ್ತಿದ್ದರು.

ಇನ್ನೊಂದು ನಿಯಮ ಹೇಳುವಾಗ ಮಾತ್ರ ದನಿ ತಗ್ಗುತ್ತಿತ್ತು. ಮೇಲೇರಿದ ಕೂಡಲೇ ಗಾಲಿಗಳನ್ನು ಬ್ರೇಕಿನಿಂದ ನಿಲ್ಲಿಸಿ ವಿಮಾನದ ಹೊಟ್ಟೆಯೊಳಗೆ ಎಳೆದುಕೊಳ್ಳುತ್ತಾರೆ. ಬ್ರೇಕು ಹೋದ ಗಾಲಿ ಗಾಳಿಯಲ್ಲೂ ತಿರುಗುತ್ತಲೇ ಇರುತ್ತದೆ. ಅದು ತಾನಾಗಿ ನಿಧಾನವಾಗುವವರೆಗೆ ಕಾಯಬೇಕು. “ತಿರಗೂ ಗಾಲಿ ಒಳಗ ತಗೋಬಾರದ್ರಿ. ನೆಲಾ ಬಿಟ್ಟೀನಿ ಅಂತ ಅದಕ್ಕಿನ್ನೂ ಗೊತ್ತಾಗಿರೂದಿಲ್ಲ.”

ಅವರ ಹೆಂಡತಿ ನೀಲವ್ವ ತೀರಿಕೊಂಡ ಮೇಲೆ ಈ ಮಾತಿನ ಅರ್ಥವೇ ಬೇರೆಯಾಯಿತು. ಖಾನಾಪುರದಲ್ಲಿದ್ದ ಮಾಮಾ ಅವರ ತಮ್ಮ ಶಿವಪ್ಪ, ಅತ್ತಿಗೆಯ ಹೊಲಿಗೆ ಮಷಿನ್ನು ತನ್ನ ಮಗಳಿಗಿರಲಿ ಎಂದು ಟೆಂಪೊ ತಂದ. ಮಾಮಾ ಖಾಲಿ ಟೆಂಪೊ ವಾಪಸು ಕಳಿಸಿದರು. ಇನ್ನೂ ನಿಂತಿಲ್ಲ ಎಂದಷ್ಟೇ ಹೇಳಿದರಂತೆ. ಅಣ್ಣನಿಗೆ ತಲೆ ಕೆಟ್ಟಿದೆ ಎಂದು ಶಿವಪ್ಪ ನನ್ನೆದುರೇ ಗೊಣಗಿದ.

ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ಮಧ್ಯಾಹ್ನ ಕೊತ್ತಂಬರಿ ಕೇಳಲು ಕೆಳಗಿಳಿದಾಗ ನೀಲವ್ವನ ಕೋಣೆಯ ಬಾಗಿಲು ತೆರೆದಿತ್ತು, ಕಿಟಕಿ ಮುಚ್ಚಿತ್ತು. ಮಷಿನ್ನಿನ ಬೆಲ್ಟು ಅವರ ಕಾಯಿಲೆಯ ದಿನಗಳಲ್ಲೇ ಹರಿದು, ಅದಕ್ಕೂ ಕೆಂಪು ಪಟ್ಟಿ ಬಿದ್ದಿತ್ತು. ಆದರೂ ಕೆಳಗಿನ ದೊಡ್ಡ ಗಾಲಿ ತಿರುಗುತ್ತಿತ್ತು. ಯಾರೋ ತುಳಿಯುತ್ತಿರುವಂತೆ ಪೆಡಲ್ಲು ಏರುತ್ತ, ಇಳಿಯುತ್ತ ಇತ್ತು. ಎದುರಿಗೆ ಮಾಮಾ ಕೈಕಟ್ಟಿ ಕುಳಿತಿದ್ದರು. ಅವರು ಸನ್ನೆ ಮಾಡಿ ಪಕ್ಕದಲ್ಲಿ ಕೂರಿಸಿಕೊಂಡರು. ಭಯವಾಗುತ್ತಿದ್ದರೂ ಎದ್ದು ಬರುವ ಮನಸ್ಸಾಗಲಿಲ್ಲ.

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಅವರೇ ಮೆಟ್ಟಿಲು ಹತ್ತಿ ಬಂದರು. ಮುಖ ಈಗಷ್ಟೇ ತೊಳೆದಂತೆ ನಿರಾಳವಾಗಿತ್ತು.

“ನಿಂತೈತ್ರಿ ಅಕ್ಕಾರ. ಆಕಿಗಿ ಗೊತ್ತಾತು.”

ಮಷಿನ್ನಿನ ಕೆಂಪು ಪಟ್ಟಿ ಬಿಚ್ಚಿ ಕಿಸೆಗೆ ಹಾಕಿಕೊಂಡಿದ್ದರು. ಭಾನುವಾರ ಬಂದು ಒಯ್ಯಲು ಶಿವಪ್ಪನಿಗೆ ಫೋನು ಮಾಡಿದರು. ಭಾನುವಾರಕ್ಕೆ ಮೊದಲೇ, ಕಾಲು ಸಡಿಲಾದ ಆ ಕುರ್ಚಿಯಲ್ಲಿ ಕುಳಿತಲ್ಲೇ ಹೋಗಿಬಿಟ್ಟರು. ಖಾನಾಪುರದ ಹೊಲದಲ್ಲಿ, ನೀಲವ್ವನ ಬಾಜೂಕೇ ಮಣ್ಣು ಮಾಡಿದರು. ಸ್ವಂತ ಮಾವನನ್ನು ಕಳೆದುಕೊಂಡಂತೆ ನಾನು ಅತ್ತುಬಿಟ್ಟೆ.

ಕಾರ್ಯವೆಲ್ಲ ಮುಗಿದ ಮೇಲೆ ಶಿವಪ್ಪ ಮತ್ತೆ ಟೆಂಪೊ ತಂದ. ಕೀಲಿ ನನ್ನ ಬಳಿಯಿತ್ತು. ನೀಲವ್ವನ ಕೋಣೆಯ ಬಾಗಿಲು ತೆಗೆದು ಇಬ್ಬರೂ ಹೊಸ್ತಿಲಲ್ಲೇ ನಿಂತೆವು. ಪೆಡಲ್ಲು ಏರುತ್ತ, ಇಳಿಯುತ್ತ ಇತ್ತು. ನೀಲವ್ವನದಕ್ಕಿಂತ ಭಾರವಾದ ಕಾಲಿನ ತುಳಿತ. ಸರಾಗವಿರಲಿಲ್ಲ, ಹೊಲಿಗೆ ಬಾರದವರು ತುಳಿದಂತಿತ್ತು.

ಹೊರಗೆ ಡ್ರೈವರ್ ಹಾರ್ನ್ ಹೊಡೆದ. ಶಿವಪ್ಪ ತಲೆಯ ಮೇಲಿನ ಟೊಪ್ಪಿಗೆ ತೆಗೆದ.

“ಇರಲಿ ಬಿಡ್ರಿ ಅಕ್ಕಾರ,” ಅಂದ. “ಅಣ್ಣಂದು ಇನ್ನೂ ನಿಂತಿಲ್ಲ.”

ಟೆಂಪೊ ಆ ದಿನವೂ ಖಾಲಿಯೇ ಖಾನಾಪುರಕ್ಕೆ ಹೋಯಿತು.