ಬಾಗಿಲಲ್ಲಿ ಕೂತ ನಾಯಿ

ಕಸಿಲ್ದಾ ಗಂಡನನ್ನು ಬಿಟ್ಟು ಹೋಗಿದ್ದು ಎರಡು ಬೀದಿ ಆಚೆಗೆ, ಅಕ್ಕ ಔರೇಲಿಯಾಳ ಕೋಣೆಗೆ. ಬ್ಯೂನಸ್ ಐರಿಸ್‌ನ ಬರ್ರಾಕಾಸ್ ಪೇಟೆಯಲ್ಲಿ ಕಸಿಲ್ದಾಳದು ಇಸ್ತ್ರಿ ಕೆಲಸ. ಗಂಡ ಅನ್ಸೆಲ್ಮೊ ಟ್ರಾಮಿನಲ್ಲಿ ಟಿಕೆಟ್ ಹರಿಯುತ್ತಿದ್ದವನು. ಬೆಳಗಿನ ಪಾಳಿಗೆ ಏಳಲಾರದೆ ಆ ಕೆಲಸ ಕಳೆದುಕೊಂಡ. ಆಮೇಲೆ ಮಧ್ಯಾಹ್ನ ಎದ್ದು, ಮಾಟೆ ಕಷಾಯ ಹೀರುತ್ತ, ಟ್ಯಾಂಗೋ ಹಾಡುಗಳಿಗೆ ಸಾಲು ಹೊಸೆಯುತ್ತ ಕೂರತೊಡಗಿದ. ಜಗಳವಾಡಲೂ ಬಾರದಷ್ಟು ಮೆತ್ತಗಿನ ಮನುಷ್ಯ. ಬೈದರೆ, ನೀನು ಹೇಳೋದು ಸರಿ ಎಂದು ತಲೆಯಾಡಿಸುತ್ತಿದ್ದ. ಸಾಕಾಗಿ ಒಂದು ದಿನ ಕಸಿಲ್ದಾ ಇಸ್ತ್ರಿಪೆಟ್ಟಿಗೆಯನ್ನೂ ಸ್ಟವ್ವನ್ನೂ ಎತ್ತಿಕೊಂಡು ಹೊರಟಳು. ಅವನು ಬಾಗಿಲವರೆಗೆ ಬಂದು, ಸ್ಟವ್ ಇನ್ನೂ ಬಿಸಿಯಿದೆ, ಹುಷಾರು ಎಂದ.

ಮುಂದಿನ ಚಳಿಗಾಲಕ್ಕೆ ಅವನ ಹಾಡೊಂದು ರೇಡಿಯೋದಲ್ಲಿ ಬಂತು. ಆ ಹಾಡಿನಲ್ಲಿ ಹೆಂಡತಿ ಮೋಟಾರು ಕಾರಿನವನ ಜೊತೆ ಓಡಿಹೋಗಿದ್ದಾಳೆ. ಅವಳು ಸ್ಟವ್ವನ್ನೂ ಬಿಡದೆ ಒಯ್ದಿದ್ದರಿಂದ ಗಂಡ ತಣ್ಣೀರಲ್ಲೇ ಕಷಾಯ ಮಾಡಿಕೊಂಡು ಕುಡಿಯುತ್ತಿದ್ದಾನೆ. ಸಾಕಿದ ನಾಯಿ ಬಾಗಿಲಲ್ಲಿ ಕೂತು ಅವಳ ದಾರಿ ಕಾಯುತ್ತಿದೆ. ಸ್ಟವ್ವಿನ ಸಾಲಿಗೆ ನಕ್ಕ ಜನ ನಾಯಿಯ ಸಾಲಿಗೆ ಕಣ್ಣೊರೆಸಿಕೊಳ್ಳುತ್ತಿದ್ದರು. ಹಾಡಿನಲ್ಲಿ ಕಸಿಲ್ದಾಳ ಹೆಸರಿರಲಿಲ್ಲ. ಪೇಟೆಯವರಿಗೆ ಸ್ಟವ್ವಿನ ಗುರುತೇ ಸಾಕಾಯಿತು.

ತರಕಾರಿ ಅಂಗಡಿಯ ಮುದುಕಿ ಫಿಲೋಮೆನಾ ಈರುಳ್ಳಿ ತೂಗುತ್ತ ಕೇಳಿಯೇ ಬಿಟ್ಟಳು.

"ಗಂಡನ ವಿಷ್ಯ ಬಿಡಮ್ಮ, ಗಂಡಸ್ರು ಹೆಂಗೋ ಬದುಕ್ತಾರೆ. ಆ ಮೂಕಪ್ರಾಣಿ ಏನ್ ಮಾಡಿತ್ತು ನಿಂಗೆ?"

"ನಮ್ಮನೇಲಿ ನಾಯಿನೇ ಇರ್ಲಿಲ್ಲ."

"ಹ್ಞೂಂ, ಈಗ ಹಂಗೇ ಅನ್ನು."

ಮಾಂಸದಂಗಡಿಯವನು ನಾಯಿಗೆಂದು ಎಲುಬು ಕಟ್ಟಿಕೊಟ್ಟ. ಇಲ್ಲ ಇಲ್ಲ ಎಂದು ಹೇಳಿ ಹೇಳಿ ಅವಳ ಬಾಯಿ ಸೋತಿತ್ತು. ಆ ಎಲುಬಿನಲ್ಲಿ ಔರೇಲಿಯಾ ಸಾರು ಮಾಡಿದಳು.

ಕೊನೆಗೆ ಕಸಿಲ್ದಾ ಒಂದು ಭಾನುವಾರ, ಗಂಡ ಎದ್ದಿರುವ ಹೊತ್ತು ನೋಡಿಕೊಂಡು ಅವನ ಮನೆಗೆ ಹೋದಳು. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡಿದ್ದಳು. ಅನ್ಸೆಲ್ಮೊ, ಮನೆಯಲ್ಲಿದ್ದ ಒಂದೇ ಕುರ್ಚಿಯನ್ನು ಅವಳಿಗೆ ಕೊಟ್ಟು ಮಂಚದ ತುದಿಯಲ್ಲಿ ಕೂತ. ಅಂಗಿಯ ಕಾಲರು ಮುದುಡಿತ್ತು.

"ಕಾರಿನವನು ಯಾರು?" ಎಂದಳು.

"ಅಕ್ಕನ ಮನೆ ಅಂದ್ರೆ ಪ್ರಾಸ ಕೂರ್ಲಿಲ್ಲ."

"ನಾಯಿ?"

ಅವನು ಅಂಗೈ ನೋಡಿಕೊಂಡ. "ಬಾಗಿಲಲ್ಲಿ ನಾನೇ ಕೂತಿದ್ದೀನಿ ಅಂತ ಬರ್ದಿದ್ದೆ. ಕೆಫೆಯಲ್ಲಿ ಓದ್ದಾಗ ಎಲ್ರೂ ನಕ್ಕುಬಿಟ್ರು. ನಾಯಿ ಅಂತ ಮಾಡ್ದೆ. ಅತ್ರು."

ಜೋಡಿಸಿಕೊಂಡು ಬಂದ ಬೈಗುಳದಲ್ಲಿ ಒಂದೂ ಅವಳಿಗೆ ನೆನಪಾಗಲಿಲ್ಲ. ಹಾಡನ್ನು ತಿದ್ದು ಎಂದಳು. ರೆಕಾರ್ಡು ಆಗಿಹೋಗಿದೆ, ಅದೀಗ ಕಂಡವರ ಬಾಯಲ್ಲಿದೆ, ನಾನು ಬೇರೆ ಥರ ಹಾಡಿದರೆ ನನ್ನನ್ನೇ ತಿದ್ದುತ್ತಾರೆ ಎಂದ ಅವನು. ವಾಪಸು ಬಾ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಏನನ್ನುತ್ತಿದ್ದಳೋ ಅವಳಿಗೂ ತಿಳಿಯಲಿಲ್ಲ. ಏಳುವಾಗ, ಅಂಗಿ ತಂದುಕೊಡು, ಇಸ್ತ್ರಿ ಮಾಡಿಕೊಡುತ್ತೇನೆ ಎಂದಳು.

ಮನೆಗೆ ಬಂದಾಗ ಅಕ್ಕ, ಮುಂದೇನು ಎಂದು ಕೇಳಿದಳು.

"ಹೋದ್ರೆ ಮತ್ತೆ ಮಧ್ಯಾಹ್ನದ ತನಕ ಮಲಗ್ತಾನೆ ಕಣಕ್ಕ. ಎಬ್ಸಿ ಎಬ್ಸಿ ನಂಗೆ ಸಾಕಾಗಿದೆ."

ಅಲ್ಲಿಂದ ವಾರಕ್ಕೊಮ್ಮೆ ಅನ್ಸೆಲ್ಮೊ ಅಂಗಿ ಹಿಡಿದು ಬರತೊಡಗಿದ. ಒಳಗೆ ಬಾ ಎಂದರೂ ಬಾರದೆ ಅಂಗಳದಲ್ಲೇ ನಿಂತು, ಅಂಗಿ ಆಗುವವರೆಗೆ ಔರೇಲಿಯಾಳ ಕೈಲಿ ಬೈಸಿಕೊಳ್ಳುತ್ತಿದ್ದ. ನೀವು ಹೇಳೋದು ಸರಿ ಅನ್ನುತ್ತಿದ್ದ. ಕಸಿಲ್ದಾ ಕಾಲರಿನ ಇಸ್ತ್ರಿಗೆ ಬೇಕೆಂದೇ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿದ್ದಳು. ಅವನ ಕೂದಲು ನರೆಯುವವರೆಗೂ ಅದು ಹಾಗೇ ನಡೆಯಿತು.